ನೂಲು ಮುಟ್ಟದ ಕೊಯ್ತ

ಸೋಮವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಹೆಗಲ ಮೇಲೊಂದು ಗೋಣಿಚೀಲವಿತ್ತು. ಚೀಲದಿಂದ ರಬ್ಬರಿನ ಕಮಟು ವಾಸನೆ ಹೊಡೆಯುತ್ತಿತ್ತು. ಬಾಗಿಲಲ್ಲಿದ್ದ ಪೇದೆ ಅದನ್ನು ಹೊರಗೇ ಇಟ್ಟು ಬರಲು ಹೇಳಿದ. ಅವಳು ಅವನನ್ನು ನೊಣದಷ್ಟೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಒಳಗೆ ಬಂದಳು.

ಅವಳನ್ನು ಕಂಡೊಡನೆ ಹೆಡ್ ಕಾನ್‌ಸ್ಟೇಬಲ್ ಕಡತವೊಂದರಲ್ಲಿ ಮುಖ ಹುದುಗಿಸಿದ. ಠಾಣೆಯಲ್ಲಿ ಅವನಿಗೆ ಫುಲ್‌ಸ್ಟಾಪ್ ಎಂದು ಹೆಸರು. ಎಂಥ ಪ್ರಕರಣವನ್ನು ಕೊಟ್ಟರೂ ನಾಲ್ಕು ಸಾಲು ಬರೆದು ಚುಕ್ಕಿ ಇಟ್ಟುಬಿಡುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಈ ಹೆಂಗಸಿನ ಗಂಡನ ವಿಷಯದಲ್ಲೂ ಹಾಗೇ ಮಾಡಿದ್ದ. ಗಂಡ ಸಣ್ಣ ಲಾರಿಯ ಚಾಲಕ. ನೆಲಕ್ಕೆ ಹಾಸುವ ಟೈಲ್ಸ್ ಹೇರಿಕೊಂಡು ಬರುತ್ತಿದ್ದ ಗಾಡಿ ಕಳೆದ ತಿಂಗಳು ರಸ್ತೆ ಬಿಟ್ಟು ಬಸ್ ನಿಲ್ದಾಣಕ್ಕೆ ನುಗ್ಗಿತ್ತು. ಕಾಲೇಜಿಗೆ ಹೊರಟಿದ್ದ ಒಬ್ಬ ಹುಡುಗಿ, ನಿವೃತ್ತ ಗುಮಾಸ್ತರೊಬ್ಬರು, ಜೊತೆಗೆ ಚಾಲಕ, ಮೂವರೂ ಸತ್ತರು. 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ' ಎಂಬ ಸಾಲು ಎಲ್ಲ ಠಾಣೆಗಳಲ್ಲೂ ಸಿದ್ಧ ಉಡುಪಿನ ಹಾಗೆ ನೇತಾಡುತ್ತಿರುತ್ತದೆ, ಯಾರ ಮೈಗಾದರೂ ತೊಡಿಸಬಹುದು. ಫುಲ್‌ಸ್ಟಾಪ್ ಅದನ್ನು ಸತ್ತವನಿಗೆ ತೊಡಿಸಿ, ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರಿನ ಮುಂದೆ ಅವನದನ್ನು ಬರೆದು, ಆರೋಪಿ ಮೃತನಾದ್ದರಿಂದ ಪ್ರಕರಣ ಮುಗಿಯಿತು ಎಂದು ಚುಕ್ಕಿ ಇಟ್ಟಿದ್ದ.

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದದ್ದು ಆ ಅಪಘಾತದ ನಂತರ. ನಲವತ್ತು ದಾಟಿದ ಹೆಣ್ಣುಮಗಳು, ಮಾತು ಕಡಿಮೆ, ಸುತ್ತುಬಳಸಿ ಮಾತಾಡುವವರನ್ನು ಕಂಡರೆ ಮೈ ಉರಿ. ಹೆಂಗಸು ಅವರ ಮೇಜಿನ ಮುಂದೆ ಚೀಲ ಕೊಡವಿದಳು. ಕರಿಯ ರಬ್ಬರಿನ ಚೂರುಗಳು ನೆಲದ ಮೇಲೆ ಹರಡಿದವು.

"ಇವೆಲ್ಲ ಏನಮ್ಮ?"

"ನನ್ನ ಗಂಡನ ಗಾಡಿ ಟೈರು, ಮೇಡಂ. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಲ್ಲ. ಅಲ್ಲಿಂದ ಎಷ್ಟೋ ದೂರ ಹಿಂದೆ, ಚರಂಡಿಯಲ್ಲಿ ಬಿದ್ದಿದ್ವು. ನಿಲ್ದಾಣಕ್ಕೆ ಗುದ್ದಿ ಟೈರು ಸಿಡಿದಿದ್ರೆ ಚೂರು ಹಿಂದಕ್ಕೆ ಹಾರಿ ಹೋಗಿ ಬೀಳುತ್ತಾ?"

ಫುಲ್‌ಸ್ಟಾಪ್ ಕಡತದಿಂದ ಮುಖ ಎತ್ತಲಿಲ್ಲ. ಅವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ. ಪರಿಹಾರದ ಮಾತನ್ನು ಅವಳು ಎತ್ತಲೇ ಇಲ್ಲ. ಸತ್ತ ಹುಡುಗಿಯ ಮನೆ ಇವಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಹುಡುಗಿಯ ಅಪ್ಪ ಬೈಯುತ್ತಿರಲಿಲ್ಲ. ಇವಳನ್ನು ಕಂಡಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಇವಳ ಮಗಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದಳು. ಅಲ್ಲಿ ಅವಳಿಗೆ ಕೊಲೆಗಾರನ ಮಗಳು ಎಂದು ಹೆಸರು ಬಿದ್ದಿತ್ತು. ಹದಿನೆಂಟು ವರ್ಷ ಗಾಡಿ ಓಡಿಸಿ ಒಂದು ನಾಯಿಮರಿಗೂ ತಾಗಿಸದ ಮನುಷ್ಯ ಸತ್ತಮೇಲೆ ಕೊಲೆಗಾರನಾಗಿದ್ದ.

"ಆ ಕಾಗದದಲ್ಲಿ ಆರೋಪಿ ಅಂತ ಇರೋ ಜಾಗದಿಂದ ಅವ್ರ ಹೆಸರು ತೆಗೀರಿ, ಮೇಡಂ," ಎಂದಳು. "ಬೇರೆ ಏನೂ ಬೇಡ."

ತಪ್ಪು ಬೇರೆಯವರದು ಎಂದು ತೋರಿಸದೆ ಹೆಸರು ತೆಗೆಯಲು ಬರುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಹೇಳಿದರು. ತೋರಿಸಿ ಎಂದಳು ಅವಳು. ಇನ್ಸ್‌ಪೆಕ್ಟರ್ ದೂರನ್ನು ಬರೆಸಿಕೊಂಡರು. ಮರುತನಿಖೆಗೆ ನ್ಯಾಯಾಲಯದ ಅನುಮತಿ ಪಡೆಯುವ ಅರ್ಜಿಯನ್ನು ಫುಲ್‌ಸ್ಟಾಪ್ ಕೈಯಲ್ಲೇ ಬರೆಸಿದರು. ಅವನು ಬರೆದ ಅತಿ ಉದ್ದದ ಅರ್ಜಿ ಅದೇ ಇರಬೇಕು.

ಗುರುವಾರ ಅನುಮತಿ ಸಿಕ್ಕಿತು. ಅಂದೇ ಮಧ್ಯಾಹ್ನ ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ನಡೆಯಿತು. ನಿಲ್ದಾಣದಿಂದ ಎಪ್ಪತ್ತು ಅಡಿ ಹಿಂದೆ ಡಾಂಬರಿನಲ್ಲಿ ಒಂದು ಗೀರು ಶುರುವಾಗಿ, ನೇರ ಬಂದು, ಆಮೇಲೆ ಎಡಕ್ಕೆ ವಾಲಿತ್ತು. ಟೈರು ಹೋಗಿ ಬರಿಯ ಕಬ್ಬಿಣದ ಚಕ್ರ ನೆಲ ಕೆರೆದ ಗುರುತು ಅದು. ತಿಂಗಳು ಕಳೆದರೂ ಕಣ್ಣಿಗೆ ಹೊಡೆಯುವಂತಿತ್ತು. ಅದರ ಮುಂದೆಯೇ ಪತ್ರಿಕೆ ಮಾರುವವನ ಗೂಡಂಗಡಿ. ಮೊದಲು ಪಟಾರ್ ಎಂದು ಸದ್ದಾಯಿತು, ಗಾಡಿ ವಾಲಿದ್ದು ಆಮೇಲೆ ಎಂದು ಅವನು ಹೇಳಿಕೆ ಕೊಟ್ಟ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಇಷ್ಟು ದಿನ ಯಾರು ಕೇಳಿದರು ಎಂದ. ಫುಲ್‌ಸ್ಟಾಪ್ ಅಳತೆ ಟೇಪನ್ನು ಬಹಳ ಶ್ರದ್ಧೆಯಿಂದ ಸುತ್ತತೊಡಗಿದ.

ಜಪ್ತಿಯಾಗಿ ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಲಾರಿಯ ಹಿಂದಿನ ಎಡಚಕ್ರದಲ್ಲಿ ಟೈರಿನ ಅರ್ಧಭಾಗ ಇನ್ನೂ ಅಂಟಿಕೊಂಡಿತ್ತು. ಅದು ರಿಸೋಲ್ ಮಾಡಿದ ಟೈರು. ಸವೆದ ಟೈರಿನ ಮೇಲ್ಮೈ ಕೆರೆದು, ಹಳೆಯ ಒಡಲಿಗೇ ಹೊಸ ರಬ್ಬರಿನ ಪಟ್ಟಿ ಬೇಯಿಸಿ ಕೂರಿಸಿದ್ದು. ಊರಾಚೆಯ ರಿಸೋಲ್ ಕಾರ್ಖಾನೆಯ ಹಸಿರು ಚೀಟಿ ಅದರ ಮೇಲಿತ್ತು. ಮೋಟಾರು ವಾಹನ ನಿರೀಕ್ಷಕರು ಟೈರಿನ ಪಕ್ಕಕ್ಕೆ ಬಳಿದಿದ್ದ ಕರಿಬಣ್ಣವನ್ನು ಪೆಟ್ರೋಲು ಬಟ್ಟೆಯಿಂದ ಉಜ್ಜಿದರು. ಗೇಣುದ್ದದ ಗೆರೆಯೊಂದು ಮೇಲೆದ್ದಿತು. ಚಾಕುವಿನಿಂದ ಕೊಯ್ದು, ಮತ್ತೆ ಅಂಟು ತುಂಬಿ, ಬಣ್ಣ ಬಳಿದು ಮುಚ್ಚಿದ ಗೆರೆ.

"ಟೈರು ಸಿಡಿದದ್ದು ಈ ಗೆರೆಯಿಂದಲೇ?"

"ಇಲ್ಲ. ಇದು ಮೇಲಿನ ರಬ್ಬರಿಗಷ್ಟೇ ತಾಗಿದೆ. ಒಳಗೆ ಟೈರನ್ನು ಹಿಡಿದಿಡುವ ನೂಲಿನ ಪದರ ಮುಟ್ಟಿಲ್ಲ. ಸಿಡಿದದ್ದು ಇಲ್ಲಿ ನೋಡಿ, ನೂಲು ಒಳಗೊಳಗೇ ಮುರಿದು ಹಿಟ್ಟಾಗಿದೆ. ಹಿಂದೆ ಯಾವಾಗಲೋ ಗಾಳಿ ಇಲ್ಲದೆ ಓಡಿಸಿದ ಟೈರು ಇದು. ರಿಸೋಲ್ ಮಾಡಲೇಬಾರದಾಗಿತ್ತು."

ಹಾಗಾದರೆ ಯಾರೋ ಅದನ್ನು ಕೊಯ್ದದ್ದು ಯಾಕೆ, ಮತ್ತೆ ಯಾರೋ ಮುಚ್ಚಿದ್ದು ಯಾಕೆ? ನಿರೀಕ್ಷಕರಿಗೆ ಗೊತ್ತಿರಲಿಲ್ಲ. ಟೈರಿನ ತುಂಡುಗಳನ್ನೆಲ್ಲ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಶುಕ್ರವಾರ ಬೆಳಗ್ಗೆ ಫುಲ್‌ಸ್ಟಾಪ್‌ನನ್ನು ಕರೆದುಕೊಂಡು ಇನ್ಸ್‌ಪೆಕ್ಟರ್ ಕಾರ್ಖಾನೆಗೆ ಹೋದರು. ಬರಮಾಡಿಕೊಂಡವರು ಅಲ್ಲಿನ ರಿಸ್ಕ್ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಮುರಿಯದ ನಗು. ಅಪಾಯ ನೋಡಿಕೊಳ್ಳುವುದಕ್ಕೇ ಒಬ್ಬರಿಗೆ ಸಂಬಳ ಕೊಡುತ್ತಾರೆಯೇ ಎಂದು ಫುಲ್‌ಸ್ಟಾಪ್ ಪಿಸುಗುಟ್ಟಿದ. ನಿನಗೂ ಅದಕ್ಕೇ ಕೊಡುವುದು ಎಂದರು ಇನ್ಸ್‌ಪೆಕ್ಟರ್.

ಮ್ಯಾನೇಜರರ ಕೋಣೆಯ ಗೋಡೆಯ ತುಂಬ ಒಂದು ದೊಡ್ಡ ವೃತ್ತದ ಚಿತ್ರವಿತ್ತು. ಗಿರಾಕಿ, ಹಳೆ ಟೈರು ಸಂಗ್ರಹ, ತಪಾಸಣೆ, ರಿಸೋಲ್, ಮತ್ತೆ ಗಿರಾಕಿ. ಬಾಣಗಳು ಒಂದರ ಬಾಲ ಒಂದು ಕಚ್ಚಿಕೊಂಡು ತಿರುಗುತ್ತಿದ್ದವು. ತಮ್ಮ ಉದ್ಯಮದಲ್ಲಿ ಏನೂ ವ್ಯರ್ಥವಾಗುವುದಿಲ್ಲ, ಹೊರಗೆ ಹೋದದ್ದು ತಿರುಗಿ ತಮ್ಮ ಬಾಗಿಲಿಗೇ ಬರುತ್ತದೆ, ಭೂಮಿಗೂ ಒಳ್ಳೆಯದು ಎಂದು ಅವರು ವಿವರಿಸಿದರು. ಅಪಾಯ ಇರುವ ಕಡೆಯಲ್ಲೆಲ್ಲ ಬಣ್ಣದ ಚುಕ್ಕೆಗಳಿದ್ದವು. ಎಲ್ಲಕ್ಕಿಂತ ದೊಡ್ಡ ಕೆಂಪು ಚುಕ್ಕೆ ಸಂಗ್ರಹದ ಪಕ್ಕದಲ್ಲಿತ್ತು.

"ಇದು ಯಾವ ಅಪಾಯ?"

"ಹಳೇ ಟೈರಿನ ಕೊರತೆ, ಮೇಡಂ. ಈಗ ಟೈರು ಸುಟ್ಟು ಎಣ್ಣೆ ತೆಗೆಯೋರು ಎಲ್ಲಾ ಬಾಚ್ಕೊಂಡು ಹೋಗ್ತಾರೆ. ಸಾಮಾನ್ಯ ಕಾರ್ಖಾನೆಗೆ ಕಚ್ಚಾಮಾಲು ಅಂಗಡಿಯಲ್ಲಿ ಸಿಗುತ್ತೆ. ನಮಗೆ ಜನ ವಾಪಸ್ ಕೊಟ್ರೆ ಮಾತ್ರ ಉಂಟು. ಒಂದು ದಿನ ಕಡಿಮೆ ಬಂದ್ರೂ ಯಂತ್ರ ನಿಲ್ಲುತ್ತೆ."

"ಟೈರು ಸಿಡಿದು ಜನ ಸಾಯೋದು ಎಲ್ಲಿದೆ?"

ಮ್ಯಾನೇಜರ್ ಗಿರಾಕಿಯ ಬಳಿ ಒಂದು ಸಣ್ಣ ಹಳದಿ ಚುಕ್ಕೆಯನ್ನು ತೋರಿಸಿದರು. ಸಂಭವ ಬಹಳ ಕಡಿಮೆ ಎಂದರು. ಆ ಹಳದಿ ಚುಕ್ಕೆ ಒಂದು ಸಾಸಿವೆಯಷ್ಟಿತ್ತು. ಮೂವರು ಅದರೊಳಗೆ ಸತ್ತಿದ್ದರು. ಇನ್ಸ್‌ಪೆಕ್ಟರಿಗೆ ರೇಗಿತು, ಆದರೆ ರೇಗುವುದು ತನಿಖೆಯ ಭಾಗವಲ್ಲ.

ಕೊಯ್ದ ಗೆರೆಯ ಫೋಟೋ ತೋರಿಸಿದಾಗ ಮ್ಯಾನೇಜರರ ನಗುವಿಗೆ ಕೊಂಚ ಮುದುಡು ಬಂತು. ಅಲ್ಲಿನ ಪದ್ಧತಿಯನ್ನು ಅವರೇ ಬಿಡಿಸಿ ಹೇಳಿದರು. ಬಂದ ಟೈರುಗಳನ್ನು ಮೂವರು ತಪಾಸಣೆಗಾರರು ಹಂಚಿಕೊಂಡು, ಪ್ರತಿಯೊಂದರ ಒಡಲನ್ನೂ ತಮ್ಮ ತಮ್ಮ ಮೇಜಿನಲ್ಲಿ ಕೈಯಾಡಿಸಿ, ಬಡಿದು, ಬೆಳಕು ಬಿಟ್ಟು ನೋಡುತ್ತಾರೆ. ಕೆಟ್ಟದ್ದೆಂದು ಕಂಡರೆ, ಕಂಡವನೇ ತನ್ನ ಚಾಕುವಿನಿಂದ ಅದರ ಪಕ್ಕವನ್ನು ಕೊಯ್ಯಬೇಕು. ಕೊಯ್ದ ಟೈರನ್ನು ಲೋಕದಲ್ಲಿ ಯಾರೂ ಮತ್ತೆ ಬಳಸುವಂತಿಲ್ಲ. ಅದು ಹಿಂಬದಿಯ ರಾಶಿಗೆ ಹೋಗುತ್ತದೆ, ಅಲ್ಲಿಂದ ಗುಜರಿಯವನು ಪುಡಿ ಮಾಡಿಸಲು ಒಯ್ಯುತ್ತಾನೆ.

"ಹಾಗಾದರೆ ಈ ಟೈರನ್ನು ನಿಮ್ಮವರೇ ಒಮ್ಮೆ ಕೆಟ್ಟದ್ದು ಅಂತ ಕೊಯ್ದಿದ್ದಾರೆ. ಆಮೇಲೆ ನೀವೇ ರಿಸೋಲ್ ಮಾಡಿದ್ದೀರಿ."

"ಅದು ನಮ್ಮದಲ್ಲ, ಮೇಡಂ. ಯಾರೋ ನಮ್ಮ ಚೀಟಿ ನಕಲು ಮಾಡಿರ್ತಾರೆ. ಆ ಗುಜರಿಯವನನ್ನ ಹಿಡೀರಿ," ಎಂದರು ಮ್ಯಾನೇಜರ್. ಕೈ ತೊಳೆದುಕೊಳ್ಳುವುದರಲ್ಲಿ ಅವರಿಗೆ ಒಳ್ಳೆಯ ಪಳಗಿಕೆಯಿತ್ತು.

ಗುಜರಿಯವನನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡೇ ಅವನ ಕೊಟ್ಟಿಗೆಯಿತ್ತು. ಒಳಗೆ ಅಂಟಿನ ಡಬ್ಬಿಗಳು, ಬಿಸಿ ಒತ್ತುವ ಇಕ್ಕಳ, ಕರಿಬಣ್ಣದ ಬಕೆಟ್ಟು, ಅರ್ಧ ಮುಚ್ಚಿದ ಕೊಯ್ತಗಳ ಹನ್ನೊಂದು ಟೈರುಗಳು. ಶನಿವಾರ ಹನ್ನೊಂದೂವರೆಗೆ ಎಲ್ಲವನ್ನೂ ಜಪ್ತಿ ಮಾಡಿ, ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಲಾಯಿತು. ದಪ್ಪ ಕುತ್ತಿಗೆಯ, ಸದಾ ಬೆವರುವ ಆಸಾಮಿ.

"ಕೊಯ್ದ ಟೈರನ್ನ ಎಲ್ಲಿಗೆ ಮಾರ್ತಿದ್ದೆ?"

"ಕಾರ್ಖಾನೆಗೇ ಮೇಡಂ."

"ಯಾವ ಕಾರ್ಖಾನೆ?"

"ಅದೇ ಕಾರ್ಖಾನೆ. ಹಿಂಬಾಗಿಲಲ್ಲಿ ತಗೋತಿದ್ದೆ, ವಾಸಿ ಮಾಡ್ತಿದ್ದೆ, ಮುಂಬಾಗಿಲಲ್ಲಿ ಕೊಡ್ತಿದ್ದೆ."

ಫುಲ್‌ಸ್ಟಾಪ್‌ನ ಪೆನ್ನು ನಿಂತುಹೋಯಿತು. ಹಿಂಬಾಗಿಲಿಂದ ಮುಂಬಾಗಿಲಿಗೆ ನಲವತ್ತು ಹೆಜ್ಜೆಯ ಆ ವ್ಯಾಪಾರಕ್ಕೆ ಅವನು ಒಳಗೊಳಗೇ ಬೆರಗಾದಂತಿತ್ತು. ಕಾರ್ಖಾನೆ ತಾನು ಎಸೆದದ್ದನ್ನೇ ಹೊಸ ಸಂಗ್ರಹವೆಂದು ಕೊಂಡು, ಗೋಡೆಯ ಮೇಲಿನ ಕೆಂಪು ಚುಕ್ಕೆ ಸಣ್ಣದಾಯಿತೆಂದು ಹಿಗ್ಗುತ್ತಿತ್ತು.

"ಕೊಯ್ದದ್ದನ್ನ ವಾಸಿ ಮಾಡೋಕೆ ಬರುತ್ತಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಎಲ್ಲಾ ಬರಲ್ಲ ಮೇಡಂ. ನೂಲು ತುಂಡಾದ್ರೆ ಮುಗೀತು, ಒಲೆಗೇ ಹಾಕಬೇಕು. ಕೆಲವು ಮಾತ್ರ ನೂಲು ಮುಟ್ಟದ ಹಾಗೆ ಕೊಯ್ದಿರ್ತಾರೆ. ಅಂಥವನ್ನೇ ಆರಿಸ್ಕೋತಿದ್ದೆ."

"ಯಾರು ಕೊಯ್ದದ್ದು ಅವು?"

"ನನಗೆ ಕೈ ಗೊತ್ತು ಮೇಡಂ, ಮುಖ ಗೊತ್ತಿಲ್ಲ. ಒಂದೇ ಕೈ. ಒಂದು ದಿನಾನೂ ಮಾತಾಡಿಲ್ಲ, ಒಂದು ಬೀಡಿ ಕೊಟ್ಟಿಲ್ಲ ನಾನು."

ಅವನು ಸುಳ್ಳು ಹೇಳುತ್ತಿದ್ದಾನೆಂದು ಮೊದಲು ಅನಿಸಿತು. ಆದರೆ ಅವನ ದೂರವಾಣಿ ಕರೆಗಳಲ್ಲಿ ಕಾರ್ಖಾನೆಯ ಒಬ್ಬ ತಪಾಸಣೆಗಾರನ ಸಂಖ್ಯೆಯೂ ಇರಲಿಲ್ಲ. ಕೈ ಜೋಡಿಸಿದವನಿಗೆ ಬಿಡಿಗಾಸೂ ಸಿಗದ ಮೋಸದ ಪ್ರಕರಣವನ್ನು ಇನ್ಸ್‌ಪೆಕ್ಟರ್ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಅದೇ ಅವರನ್ನು ಕೊರೆಯತೊಡಗಿತು.

ಸೋಮವಾರ ಅವರು ಮತ್ತೆ ಕಾರ್ಖಾನೆಗೆ ಹೋಗಿ ಹಿಂಬದಿಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದೇ ಟೈರಿನ ಕೊಯ್ತವನ್ನು ಬೆರಳಿನಿಂದ ಅಗಲಿಸಿ ನೋಡಿದರು. ಹೆಚ್ಚಿನವುಗಳಲ್ಲಿ ಕತ್ತರಿಸಿದ ಬಿಳಿಯ ನೂಲು ಕರುಳಿನ ಹಾಗೆ ಹೊರಬಂದಿತ್ತು. ಕೆಲವುಗಳಲ್ಲಿ ಮಾತ್ರ ಬರೀ ಕಪ್ಪು. ಆ ಕೊಯ್ತಗಳು ಹೊರಗಿನಿಂದ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ನೇರ, ನೋಡಿದವರಿಗೆ ಎಲ್ಲಕ್ಕಿಂತ ಘೋರ. ಆಳದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟು ಕಡಿಮೆ.

ಮೂವರು ತಪಾಸಣೆಗಾರರನ್ನೂ ಕರೆಸಿದರು. ಇಬ್ಬರು ಹೊಸಬರು. ಮೂರನೆಯವನಿಗೆ ಐವತ್ತೈದರ ಹತ್ತಿರ, ಸಣ್ಣ ಮೈ, ದೊಡ್ಡ ಅಂಗೈ. ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಮ್ಯಾನೇಜರ್ ಅವನ ಹೆಗಲ ಮೇಲೆ ಕೈಯಿಟ್ಟು, ಇಡೀ ಸಂಸ್ಥೆಯಲ್ಲಿ ಇವರಷ್ಟು ಕಟ್ಟುನಿಟ್ಟಿನವರಿಲ್ಲ, ಇವರು ಪಾಸ್ ಮಾಡಿದ ಒಂದು ಟೈರೂ ಇದುವರೆಗೆ ದೂರು ತಂದಿಲ್ಲ ಎಂದರು. ಕತ್ತರಿಯಣ್ಣ ಆ ಕೈ ಭಾರವೆನ್ನುವ ಹಾಗೆ ಹೆಗಲು ಇಳಿಸಿ ನಿಂತಿದ್ದ.

ಪಂಚರ ಮುಂದೆ ಮೂವರಿಗೂ ಒಂದೊಂದು ಟೈರು ಕೊಟ್ಟು, ನೂಲು ಮುಟ್ಟದ ಹಾಗೆ ಕೊಯ್ಯಿರಿ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಮೊದಲನೆಯವನ ಚಾಕು ಸೀದಾ ನೂಲು ದಾಟಿತು. ಎರಡನೆಯವನದು ಮೊದಲು ರಬ್ಬರನ್ನು ತರಚಿತು, ಆಮೇಲೆ ನೂಲಿಗೇ ಇಳಿಯಿತು. ಕತ್ತರಿಯಣ್ಣ ಚಾಕು ಹಿಡಿದ. ಅವನ ಕೊಯ್ತ ಅಂಕುಡೊಂಕಾಗಿ ಹೋಯಿತು, ಮಧ್ಯದಲ್ಲಿ ಜಾರಿತು, ಕೊನೆಯಲ್ಲಿ ನೂಲಿನ ನಾಲ್ಕು ಪದರ ಕತ್ತರಿಸಿ ನಿಂತಿತು. ಫುಲ್‌ಸ್ಟಾಪ್ ನಿರಾಸೆಯಿಂದ ಪಂಚನಾಮೆಗೆ ಚುಕ್ಕಿ ಇಡಲು ಹೊರಟ.

"ತಡಿ," ಎಂದರು ಇನ್ಸ್‌ಪೆಕ್ಟರ್. ಮತ್ತೆ ಕತ್ತರಿಯಣ್ಣನ ಕಡೆ ತಿರುಗಿದರು. "ಎಷ್ಟು ವರ್ಷ ಆಯ್ತು ಚಾಕು ಹಿಡಿದು?"

"ಮೂವತ್ತು."

"ಇವರಿಬ್ಬರು ಬಂದು ಎರಡು ವರ್ಷ ಆಗಿಲ್ಲ. ಇವರ ಗೆರೆಯಾದರೂ ನೆಟ್ಟಗಿದೆ. ನಿಮ್ಮದು ಮೊದಲ ದಿನ ಚಾಕು ಹಿಡಿದವರ ಹಾಗಿದೆ. ಯಾಕೆ?"

ಕತ್ತರಿಯಣ್ಣ ತಾನು ಕೊಯ್ದ ಗೆರೆಯನ್ನೇ ನೋಡುತ್ತ ನಿಂತ. ಅಂಥ ಗೆರೆಯನ್ನು ಅವನು ಮೂವತ್ತು ವರ್ಷದಲ್ಲಿ ಎಳೆದಿರಲಿಲ್ಲ, ಅದನ್ನು ನೋಡಿ ಅವನಿಗೇ ನಾಚಿಕೆಯಾದಂತಿತ್ತು. ಅವನು ಚಾಕುವನ್ನು ಒರೆಸಿ, ಮಡಚಿ, ಇನ್ಸ್‌ಪೆಕ್ಟರರ ಕೈಗೆ ಕೊಟ್ಟ. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದರು.

"ನೀವು ಸುಮ್ನಿರಿ ಸಾರ್," ಎಂದ ಕತ್ತರಿಯಣ್ಣ. "ಅದು ನನ್ನದೇ ಕೈ, ಮೇಡಂ."

ಠಾಣೆಯಲ್ಲಿ ಅವನು ನೀರು ಕೇಳಲಿಲ್ಲ, ವಕೀಲರು ಬೇಕೇ ಎಂದರೆ ಬೇಡವೆಂದು ತಲೆಯಾಡಿಸಿದ. ಕೇಳಿದಷ್ಟಕ್ಕೆ ಉತ್ತರ ಕೊಟ್ಟ.

ಕತ್ತರಿ ಎಂಬ ಹೆಸರು ಅವನಿಗೆ ಬಂದದ್ದು ಇದೇ ಸಂಸ್ಥೆಯ ಇನ್ನೊಂದು ಊರಿನ ಘಟಕದಲ್ಲಿ. ಮೊದಲು ಅದು ಹೊಗಳಿಕೆಯಾಗಿತ್ತು. ಅಲ್ಲಿಗೆ ಬರುತ್ತಿದ್ದ ಹಳೆ ಟೈರು ವರ್ಷದಿಂದ ವರ್ಷಕ್ಕೆ ಕೆಟ್ಟದಾಗುತ್ತ ಹೋಯಿತು, ಅವನ ಚಾಕುವೂ ಹಿಂದೆಗೆಯಲಿಲ್ಲ. ಕೊನೆಗೆ ಬಳಸುವಂಥ ಟೈರು ಸಾಲುತ್ತಿಲ್ಲ ಎಂದು ಸಂಸ್ಥೆ ಆ ಘಟಕಕ್ಕೆ ಬೀಗ ಹಾಕಿತು. ಕೆಲಸ ಕಳೆದುಕೊಂಡ ನೂರಾರು ಜನ ಮಾಲೀಕರನ್ನು ಬೈಯಲಿಲ್ಲ. ಮಾಲೀಕರು ಅವರಿಗೆ ಕಣ್ಣಿಗೇ ಬಿದ್ದವರಲ್ಲ. ಕಣ್ಣಿಗೆ ಬಿದ್ದದ್ದು ಇವನ ಚಾಕು. ಅಲ್ಲೇ ಟೈರು ಬೇಯಿಸುವ ಒಲೆ ನೋಡಿಕೊಳ್ಳುತ್ತಿದ್ದ ಅವನ ಸ್ವಂತ ಅಣ್ಣನೂ ಕೆಲಸ ಕಳೆದುಕೊಂಡ. ಅಂದಿನಿಂದ ಇವನೊಡನೆ ಮಾತು ಬಿಟ್ಟ. ತಾಯಿ ತೀರಿಕೊಂಡಾಗ, ಇಷ್ಟು ಮನೆಗಳ ಅನ್ನ ಕೊಯ್ದ ಕೈ ಅಮ್ಮನನ್ನು ಮುಟ್ಟುವುದು ಬೇಡ ಎಂದು ಬಾಗಿಲಲ್ಲೇ ನಿಲ್ಲಿಸಿದ. ತಾಯಿಯ ಮುಖವನ್ನು ಇವನು ನೋಡಲಾಗಲಿಲ್ಲ.

"ಇಲ್ಲಿ ನಿಮಗೆ ಯಾರಾದರೂ ಹೀಗೆ ಮಾಡು ಅಂತ ಹೇಳಿದ್ರಾ?"

"ಇಲ್ಲ."

"ಮ್ಯಾನೇಜರ್?"

"ಇಲ್ಲ ಮೇಡಂ. ಒಂದು ಸಲ ಮೀಟಿಂಗಿನಲ್ಲಿ ಎಲ್ರ ಮುಂದೆ, ಅಣ್ಣಾ, ಹಳೇ ಘಟಕದ ಕತೆ ಇಲ್ಲಿ ಆಗಬಾರದು ನೋಡಿ, ಅಂದ್ರು. ನಗ್ತಾನೇ ಅಂದ್ರು. ಅಷ್ಟೇ."

ಆಮೇಲೊಂದು ದಿನ ಕೈ ಸೋತು ಚಾಕು ಆಳಕ್ಕೆ ಇಳಿಯಲಿಲ್ಲವಂತೆ. ವಾರದ ಮೇಲೆ ಆ ಟೈರು ಹೊಸ ಬಣ್ಣ ಹೊಡೆಸಿಕೊಂಡು ಮುಂಬಾಗಿಲಿಂದ ಬಂತು. ಮುಟ್ಟಿದ ಕೂಡಲೇ ಅವನಿಗೆ ತನ್ನ ಗೆರೆ ಗೊತ್ತಾಯಿತು. ಕೂಗಿ ಹೇಳಬೇಕೆಂದುಕೊಂಡ. ಅಂದು ಗೇಟಿನಲ್ಲಿ ಟೈರಿನ ಕೊರತೆ ಇತ್ತು, ಯಂತ್ರ ನಿಲ್ಲುವುದರಲ್ಲಿತ್ತು, ಅರ್ಧ ಜನರನ್ನು ಮನೆಗೆ ಕಳಿಸುವ ಮಾತು ನಡೆದಿತ್ತು. ಅವನು ಟೈರನ್ನು ಪಕ್ಕದ ಮೇಜಿಗೆ ತಳ್ಳಿದ. ಅಲ್ಲಿನ ಹೊಸಬನ ಕೈಗೆ ಒಳಗಿನ ಮುರುಕು ತಿಳಿಯಲಿಲ್ಲ, ಪಾಸಾಯಿತು. ಯಂತ್ರ ನಿಲ್ಲಲಿಲ್ಲ. ಮರುದಿನದಿಂದ ಅವನ ಚಾಕು ತಾನಾಗಿಯೇ ನೂಲು ಮುಟ್ಟುವ ಮುಂಚೆ ನಿಲ್ಲುವುದನ್ನು ಕಲಿಯಿತು.

"ನಾನು ಒಂದು ಕೆಟ್ಟ ಟೈರನ್ನೂ ಪಾಸ್ ಮಾಡಿಲ್ಲ, ಮೇಡಂ," ಎಂದ. "ಎಲ್ಲಾನೂ ಕೊಯ್ದೆ. ವಾಪಸ್ ಬಂದದ್ದನ್ನ ನಾನೇ ನೋಡಿದ್ರೆ ಮತ್ತೆ ಕೊಯ್ಯಬೇಕಾಗಿತ್ತು. ಅದಕ್ಕೇ ಪಕ್ಕಕ್ಕೆ ತಳ್ತಿದ್ದೆ."

"ಅದು ಸಿಡಿಯುತ್ತೆ ಅಂತ ನಿಮಗೆ ಗೊತ್ತಿತ್ತು."

"ಕೈಗೆ ಗೊತ್ತಿತ್ತು." ಅವನು ತನ್ನ ಅಂಗೈ ನೋಡಿಕೊಂಡ. "ಪ್ರತಿದಿನ ಪೇಪರ್ ನೋಡ್ತಿದ್ದೆ. ಏನೂ ಇಲ್ಲ ಅಂದ್ರೆ ಆ ದಿನ ಊಟ ಸೇರೋದು. ಈ ಅಪಘಾತದ ಸುದ್ದೀನೂ ಓದ್ದೆ. ಡ್ರೈವರ್ ತಪ್ಪು ಅಂತ ಪೊಲೀಸ್ನೋರೇ ಹೇಳಿದ್ದಾರೆ ಅಂತ ಬರೆದಿದ್ರು. ನಂಬಿದೆ. ನಂಬೋಕೆ ಎಷ್ಟು ಸುಲಭ ಆಯ್ತು ಅಂದ್ರೆ..."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಫುಲ್‌ಸ್ಟಾಪ್ ಆ ಸಾಲಿಗೆ ಚುಕ್ಕಿ ಇಡಲಿಲ್ಲ. ಚಾಲಕನದೇ ತಪ್ಪೆಂಬ ಆ ನಾಲ್ಕು ಸಾಲು ಬರೆದವನು ತಾನೇ ಎಂಬುದು ಅವನಿಗೆ ಆ ಕೋಣೆಯಲ್ಲಿ ಮೊದಲ ಸಲ ತಟ್ಟಿತು.

ಇನ್ಸ್‌ಪೆಕ್ಟರ್ ಮ್ಯಾನೇಜರರನ್ನು ಎರಡು ಸಲ ಕರೆಸಿ ವಿಚಾರಣೆ ಮಾಡಿದರು. ಒಂದೇ ಟೈರು ಎರಡು ಸಲ ಬರುತ್ತಿರುವುದು ನಿಮಗೆ ತಿಳಿಯಲಿಲ್ಲವೇ ಎಂದರೆ, ತಪಾಸಣೆ ನನ್ನ ವಿಭಾಗವಲ್ಲ ಎಂದರು. ಸಂಗ್ರಹ ಇದ್ದಕ್ಕಿದ್ದಂತೆ ಹೆಚ್ಚಾದದ್ದು ಯಾಕೆಂದು ಕೇಳಲಿಲ್ಲವೇ ಎಂದರೆ, ಹೆಚ್ಚಾದರೆ ಯಾರು ಕೇಳುತ್ತಾರೆ ಮೇಡಂ, ಕಡಿಮೆಯಾದರೆ ಕೇಳುತ್ತೇವೆ ಎಂದರು. ಅದು ನಿಜವಾದ ಉತ್ತರವಾಗಿತ್ತು, ಅದಕ್ಕೇ ಅದನ್ನು ಕೇಳಲು ಇನ್ನಷ್ಟು ಅಸಹ್ಯವಾಯಿತು. ಸರ್ಕಾರಿ ವಕೀಲರು ಕಡತವನ್ನು ಹಿಂದೆ ಮುಂದೆ ತಿರುವಿ, ಒಂದು ಆದೇಶವಿಲ್ಲ, ಒಂದು ಸಹಿಯಿಲ್ಲ, ನಗುತ್ತ ಹೇಳಿದ ಮಾತಿಗೆ ಯಾವ ಕಲಂ ಹಾಕಲಿ ಎಂದರು. ವೃತ್ತದಲ್ಲಿ ನಿಂತ ಪ್ರತಿಯೊಬ್ಬನೂ ತನ್ನ ಪಕ್ಕದವನ ಕಡೆ ಬೆರಳು ತೋರಿಸುತ್ತಿದ್ದ. ಸುತ್ತಿ ಸುತ್ತಿ ಬೆರಳು ಬಂದು ನಿಲ್ಲುತ್ತಿದ್ದದ್ದು ಚಾಕು ಹಿಡಿದವನ ಮೇಲೇ.

ನಿರೀಕ್ಷಕರ ಮಾತನ್ನೇ ಎತ್ತಿಹಿಡಿದ ಪ್ರಯೋಗಾಲಯದ ವರದಿ ಬಂದ ಮೇಲೆ, ಮುಂದಿನ ಬುಧವಾರ ಬೆಳಗ್ಗೆ ಎಂಟಕ್ಕೆ, ಹೇಳಿಕೆ ಕೊಟ್ಟು ಮನೆಗೆ ಹೋಗಿದ್ದ ಕತ್ತರಿಯಣ್ಣನನ್ನು ಅವನ ಬಾಡಿಗೆ ಮನೆಯಲ್ಲಿ ಬಂಧಿಸಲಾಯಿತು. ಎರಡು ಕೋಣೆಯ ಮನೆ, ಬಟ್ಟೆ ಒಣಹಾಕಿದ ಸಣ್ಣ ಅಂಗಳ. ಅವನು ಮುಂಚೆಯೇ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಬಂಧನ ಪತ್ರಕ್ಕೆ ಸಂಬಂಧಿಕರೊಬ್ಬರ ಸಹಿ ಬೇಕಿತ್ತು. ಅಣ್ಣನಿಗೆ ತಿಳಿಸಲೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವನು ಬೇಡವೆಂದ. ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಸಹಿ ಹಾಕಿದಳು. ಅದೇ ದಿನ ಗುಜರಿಯವನನ್ನೂ ಬಂಧಿಸಿ, ಎರಡನೆಯ ಆರೋಪಿಯಾಗಿ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಕಾರ್ಖಾನೆ ಎರಡು ದಿನ ಮುಚ್ಚಿತ್ತು. ಲೋಪಕ್ಕೆ ಕಾರಣರಾದವರನ್ನು ಕಾನೂನಿಗೆ ಒಪ್ಪಿಸಲಾಗಿದೆ ಎಂಬ ಪ್ರಕಟಣೆ ಹೊರಡಿಸಿ ಮೂರನೆಯ ದಿನ ಮತ್ತೆ ಶುರುವಾಯಿತು.

ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಇನ್ಸ್‌ಪೆಕ್ಟರ್ ಚಾಲಕನ ಹೆಂಡತಿಯನ್ನು ಠಾಣೆಗೆ ಕರೆಸಿದರು. ಪ್ರತಿಯನ್ನು ಓದಿ ಹೇಳು ಎಂದು ಫುಲ್‌ಸ್ಟಾಪ್‌ಗೆ ಅಪ್ಪಣೆಯಾಯಿತು. ಅವನು ಎದ್ದು ನಿಂತು, ಒಂದು ಅಕ್ಷರವನ್ನೂ ನುಂಗದೆ ಓದಿದ. ಅವಳ ಗಂಡನ ಹೆಸರು ಆರೋಪಿಯ ಸಾಲಿನಿಂದ ಹೋಗಿ ಮೃತರ ಸಾಲಿಗೆ ಬಂದಿತ್ತು. ಹುಡುಗಿಯ ಹೆಸರಿನ ಕೆಳಗೆ, ಗುಮಾಸ್ತರ ಹೆಸರಿನ ಮೇಲೆ. ಓದಿ ಮುಗಿಸಿ, ನನ್ನಿಂದ ತಪ್ಪಾಯಿತಮ್ಮ ಎಂದ. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಕೇಳಿಸಿತು ಎಂದಳೋ ಅವನಿಗೆ ಗೊತ್ತಾಗಲಿಲ್ಲ.

ಅವಳು ಪ್ರತಿಯನ್ನು ಕೈಗೆ ತೆಗೆದುಕೊಂಡು ಬೆರಳಿಟ್ಟು ತಾನೇ ಒಮ್ಮೆ ಓದಿಕೊಂಡಳು. ಕತ್ತರಿಯಣ್ಣನ ಬಗ್ಗೆ ಕೇಳಿದಳು. ಇನ್ಸ್‌ಪೆಕ್ಟರ್ ಅವನ ಹಳೆಯ ಘಟಕದ ಕತೆ, ಅಣ್ಣನ ಕತೆ, ಪಕ್ಕದ ಮೇಜಿನ ಕತೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳ ಕಣ್ಣಲ್ಲಿ ಕನಿಕರ ಕಾಣಲಿಲ್ಲ. ಕೋಪವೂ ಇದ್ದಂತಿರಲಿಲ್ಲ, ಅದು ಕೂರಲು ಒಂದು ಜಾಗ ಹುಡುಕುತ್ತಿದ್ದ ಹಾಗಿತ್ತು.

"ಆ ಮ್ಯಾನೇಜರ್ ಹೆಸರು ಇದರಲ್ಲಿ ಎಷ್ಟನೇದು, ಮೇಡಂ?"

"ಅವರು ಆರೋಪಿ ಅಲ್ಲಮ್ಮ. ಸಾಕ್ಷಿ. ಆರನೇ ಸಾಕ್ಷಿ."

ಅವಳು ಕಾಗದವನ್ನು ಮಡಚಿದಳು.

"ಹಾಗಾದ್ರೆ ನನ್ನ ಗಂಡ ಇದ್ದ ಜಾಗಕ್ಕೆ ಇನ್ನೊಬ್ಬ ದುಡಿಯೋನು ಬಂದ. ಅಷ್ಟೇ ತಾನೇ?"

ಇನ್ಸ್‌ಪೆಕ್ಟರ್ ಸುತ್ತುಬಳಸಿ ಮಾತಾಡುವವರಲ್ಲ.

"ಹೌದಮ್ಮ," ಎಂದರು. "ಅಷ್ಟೇ."